ಉಸಿರಿಗೂ ಶೌಚವುಂಟು

ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ವಿದ್ವಾಂಸರಾದ ಮಿತ್ರರೊಬ್ಬರು ಮಾಡಿದ ಉಪನ್ಯಾಸವು ಹಿಂದಿನ ಸಂಚಿಕೆಯಲ್ಲಿ ಅಚ್ಚಾಗಿರುವುದನ್ನು ವಾಚಕಮಹಾಶಯರು ನೋಡಿರಬಹುದು. ಅವರ ಪಾಂಡಿತ್ಯವನ್ನು ನಾನು ಬಲ್ಲೆನು; ಅವರ ಸೌಜನ್ಯವನ್ನು ಅದಕ್ಕಿಂತಲೂ ಹೆಚ್ಚಾಗಿ ಬಲ್ಲೆನು. ಆದರೆ ಜನರ ಪ್ರಾಣಕ್ಕೆ ಸಂಬಂಧಪಟ್ಟ ವಿಷಯದಲ್ಲಿ ಸ್ನೇಹದ ದಾಕ್ಷಿಣ್ಯಕ್ಕೆ ಸಿಕ್ಕಿ ಸುಮ್ಮನಿರುವುದು ಯುಕ್ತವಲ್ಲವೆಂದು ತೋರಿದುದರಿಂದ ಈ ಪ್ರತ್ಯುತ್ತರವನ್ನು ಬರೆಯುವ ಸಾಹಸಕ್ಕೆ ಕೈಹಾಕಿದ್ದೇನೆ.

ಮಿತ್ರರ ಪಕ್ಷವು ಸಂಕ್ಷೇಪವಾಗಿ ಹೀಗಿರುತ್ತದೆ. ಮೊದಲನೆಯದಾಗಿ, ೨೦೨೦ನೆಯ ಇಸವಿಯಲ್ಲಿ ಲೋಕವನ್ನು ಮುತ್ತಿದ ಕೊರೋನಾ ರೋಗಕ್ಕೆ ವೈದ್ಯರು ಹೇಳಿದ ರಕ್ಷಣೋಪಾಯಗಳೆಲ್ಲವೂ ನಮ್ಮ ಹಿರಿಯರ ಮಡಿಯಲ್ಲಿ ಮೊದಲೇ ಅಡಗಿದ್ದವು. ದೂರದಿಂದ ಕೈಮುಗಿಯುವುದು, ಹೊರಗಿನಿಂದ ಬಂದೊಡನೆ ಕೈಕಾಲು ತೊಳೆಯುವುದು, ಕಂಡವರನ್ನು ಮುಟ್ಟದಿರುವುದು, ಇವನ್ನು ಬಿಟ್ಟುದರಿಂದಲೇ ನಮಗೆ ಆ ದುರ್ಗತಿಯು ಬಂದಿತು. ಎರಡನೆಯದಾಗಿ, ಮುಖಗವಸೆಂಬುದು ಹೇಡಿತನದ ಕುರುಹು. ಹಣೆಯಲ್ಲಿ ಬರೆದ ಆಯುಸ್ಸು ಒಂದು ತುಂಡು ಬಟ್ಟೆಯಿಂದ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮೂರನೆಯದಾಗಿ, ಆ ಕಾಲವು ಕಳೆದುಹೋಯಿತು. ಇನ್ನು ಅದರ ಮಾತೇಕೆ? ಈ ಮೂರಕ್ಕೂ ಕ್ರಮವಾಗಿ ಸಮಾಧಾನವನ್ನು ಹೇಳುವೆನು.

ಮಡಿಯ ವಿಷಯದಲ್ಲಿ ಒಪ್ಪತಕ್ಕ ಭಾಗವನ್ನು ಮೊದಲು ಒಪ್ಪಿಬಿಡುತ್ತೇನೆ. ಕೈ ತೊಳೆಯುವುದು ಒಳ್ಳೆಯದು. ಅನೇಕ ರೋಗಗಳನ್ನು ಅದು ತಡೆಯುತ್ತದೆ. ಕೈಮುಗಿಯುವುದೂ ಒಳ್ಳೆಯದು. ಆದರೆ ಈ ರೋಗವು ಮುಖ್ಯವಾಗಿ ಹರಡುವುದು ಕೈಯಿಂದಲ್ಲ, ಉಸಿರಿನಿಂದ. ರೋಗಿಯು ಕೆಮ್ಮಿದಾಗ ಮಾತ್ರವಲ್ಲ, ಮಾತನಾಡಿದಾಗ, ಹಾಡಿದಾಗ, ಸುಮ್ಮನೆ ಉಸಿರು ಬಿಟ್ಟಾಗಲೂ ಕಣ್ಣಿಗೆ ಕಾಣದ ತೇವದ ಕಣಗಳು ಹೊರಬೀಳುತ್ತವೆ. ದಪ್ಪನಾದವು ನೆಲಕ್ಕೆ ಬಿದ್ದುಹೋಗುತ್ತವೆ. ಸೂಕ್ಷ್ಮವಾದವು ಊದುಬತ್ತಿಯ ಹೊಗೆಯಂತೆ ಗಾಳಿಯಲ್ಲಿ ತೇಲಿಕೊಂಡಿರುತ್ತವೆ. ಬಾಗಿಲು ಕಿಟಕಿಗಳು ಮುಚ್ಚಿದ ಕೋಣೆಯಲ್ಲಿ ಊದುಬತ್ತಿ ಹಚ್ಚಿಟ್ಟರೆ ಅದರ ವಾಸನೆಯು ಮೂಲೆಮೂಲೆಗೂ ಹೋಗುವುದಷ್ಟೆ? ವೈರಾಣುವಿನ ಸಂಚಾರವೂ ಹಾಗೆಯೇ. ಕಿಟಕಿಗಳನ್ನು ತೆರೆದರೆ ಹೊಗೆಯು ಚೆದರುವಂತೆ ಇದೂ ಚೆದರುತ್ತದೆ. ಮೇಲಾಗಿ, ಜ್ವರ ಕಾಣಿಸುವುದಕ್ಕೆ ಒಂದೆರಡು ದಿನಗಳ ಮೊದಲೇ ಮನುಷ್ಯನು ಇತರರಿಗೆ ರೋಗವನ್ನು ಹಂಚಬಲ್ಲನು. ಆದುದರಿಂದ ‘ನಾನು ಚೆನ್ನಾಗಿದ್ದೇನೆ’ ಎಂಬ ಮಾತು ಇಲ್ಲಿ ಪ್ರಮಾಣವಾಗಲಾರದು.

ಈ ವಿಷಯದಲ್ಲಿ ಎಡವಿದವರು ನಮ್ಮ ಮಿತ್ರರೊಬ್ಬರೇ ಅಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯೇ ೨೦೨೦ನೆಯ ಮಾರ್ಚ್ ೨೮ರಂದು ಈ ರೋಗವು ಗಾಳಿಯಲ್ಲಿ ಹರಡುವುದಲ್ಲವೆಂದು ಲೋಕಕ್ಕೆ ಸಾರಿತು. ಅದೇ ವರ್ಷದ ಜುಲೈಯಲ್ಲಿ ೨೩೯ ಮಂದಿ ವಿಜ್ಞಾನಿಗಳು ಬಹಿರಂಗ ಪತ್ರವನ್ನು ಬರೆದು, ಗಾಳಿಯ ಮಾರ್ಗವನ್ನು ಅಲಕ್ಷ್ಯ ಮಾಡಬಾರದೆಂದು ವಾದಿಸಬೇಕಾಯಿತು. ನಮ್ಮ ದೇಶದಲ್ಲಿ ಸರಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯು, ಸೂಕ್ಷ್ಮಕಣಗಳು ಹತ್ತು ಮೀಟರುಗಳವರೆಗೂ ಹೋಗಬಲ್ಲವೆಂದೂ ಮನೆ ಕಚೇರಿಗಳಲ್ಲಿ ಗಾಳಿಯಾಡುವಂತೆ ಮಾಡಬೇಕೆಂದೂ ಸ್ಪಷ್ಟವಾಗಿ ತಿಳಿಸಿದ್ದು ೨೦೨೧ನೆಯ ಮೇ ತಿಂಗಳಲ್ಲಿ. ಅಷ್ಟರೊಳಗೆ ಎರಡನೆಯ ಅಲೆಯು ಊರೂರುಗಳನ್ನು ಬಳಿದುಹಾಕಿದ್ದಿತು. ನಾವು ತರಕಾರಿಯನ್ನು ಸೋಪಿನ ನೀರಿನಲ್ಲಿ ತೊಳೆದೆವು. ಹಾಲಿನ ಪೊಟ್ಟಣವನ್ನು ಬಿಸಿಲಿಗಿಟ್ಟೆವು. ಬಾಗಿಲ ಚಿಲಕಕ್ಕೆ ಔಷಧ ಸಿಂಪಡಿಸಿದೆವು. ಆಮೇಲೆ ಅದೇ ಬಾಗಿಲನ್ನು ಭದ್ರವಾಗಿ ಮುಚ್ಚಿ ಇಪ್ಪತ್ತು ಮಂದಿ ಒಳಗೆ ಕುಳಿತೆವು!

ಮುಟ್ಟದಿರುವ ಮಾತ್ರಕ್ಕೆ ರಕ್ಷಣೆಯಿಲ್ಲವೆಂಬುದಕ್ಕೆ ಒಂದು ದೃಷ್ಟಾಂತವುಂಟು. ಅಮೆರಿಕದ ವಾಷಿಂಗ್‌ಟನ್ ಸಂಸ್ಥಾನದ ಮೌಂಟ್ ವರ್ನನ್ ಎಂಬ ಊರಿನಲ್ಲಿ ೨೦೨೦ನೆಯ ಮಾರ್ಚ್ ೧೦ರ ಸಂಜೆ ಒಂದು ಗಾಯನಮಂಡಲಿಯ ೬೧ ಮಂದಿ ಅಭ್ಯಾಸಕ್ಕಾಗಿ ಕಲೆತರು. ಅವರು ಎಚ್ಚರಗೇಡಿಗಳಾಗಿರಲಿಲ್ಲ. ಬಾಗಿಲಲ್ಲಿ ಕೈಗೆ ಹಚ್ಚುವ ಸ್ಯಾನಿಟೈಸರನ್ನು ಇಟ್ಟಿದ್ದರು, ಕೈಕುಲುಕಲಿಲ್ಲ, ಅಪ್ಪಿಕೊಳ್ಳಲಿಲ್ಲ. ನಮ್ಮ ಮಿತ್ರರು ಹೇಳುವ ಮಡಿಯನ್ನು ತಮಗೆ ತಿಳಿಯದೆಯೇ ಆಚರಿಸಿದರೆನ್ನಬಹುದು. ಎರಡೂವರೆ ಗಂಟೆಗಳ ಕಾಲ ಹಾಡಿದರು. ಅವರಲ್ಲಿ ಒಬ್ಬರಿಗೆ ಮಾತ್ರ ನೆಗಡಿಯಂಥ ಲಕ್ಷಣಗಳಿದ್ದವು. ಕೆಲವು ದಿನಗಳಲ್ಲಿ ಒಟ್ಟು ೫೩ ಮಂದಿ ರೋಗಿಗಳಾದರು, ಇಬ್ಬರು ತೀರಿಹೋದರು. ನಮ್ಮಲ್ಲಿ ಭಜನೆಯುಂಟು, ವೇದಪಾರಾಯಣವುಂಟು, ಯಕ್ಷಗಾನದ ತಾಳಮದ್ದಳೆಯುಂಟು. ಇವೆಲ್ಲವೂ ಉಚ್ಚಕಂಠದಿಂದ ನಡೆಯತಕ್ಕವು. ಮಳೆಗಾಲದಲ್ಲಂತೂ ಕಿಟಕಿ ಮುಚ್ಚಿಯೇ ನಡೆಯತಕ್ಕವು. ಈ ದೃಷ್ಟಾಂತವು ದೂರದೇಶದ್ದೆಂದು ನಾವು ಉಪೇಕ್ಷೆ ಮಾಡಬಹುದೆ?

ಇನ್ನು ಶಾಸ್ತ್ರದ ರೀತಿಯಿಂದಲೇ ವಿಚಾರಿಸೋಣ. ಒಂದು ಲಕ್ಷಣವನ್ನು ಹೇಳಿದರೆ ಅದಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವವೆಂಬ ದೋಷಗಳಿರಬಾರದೆಂದು ತಾರ್ಕಿಕರ ನಿಯಮ. ಹಸುವೆಂದರೆ ಕಪಿಲವರ್ಣದ ಪ್ರಾಣಿಯೆಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಕೊಂಬುಳ್ಳ ಪ್ರಾಣಿಯೆಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. ಮಡಿಯೇ ರೋಗರಕ್ಷಣೆಯೆಂಬ ಮಾತಿಗೆ ಈ ಎರಡು ದೋಷಗಳೂ ಒಟ್ಟಿಗೆ ಅಂಟಿಕೊಂಡಿವೆ. ಪಟ್ಟೆಮಡಿಯುಟ್ಟು ಮುನ್ನೂರು ಮಂದಿ ಛತ್ರದೊಳಗೆ ಮೊಣಕೈಗೆ ಮೊಣಕೈ ತಾಗುವಂತೆ ಪಂಕ್ತಿಯಲ್ಲಿ ಕುಳಿತರೆ ಮಡಿಗೆ ಭಂಗವಿಲ್ಲ. ಆದರೆ ಅವರಲ್ಲಿ ಒಬ್ಬನ ಉಸಿರಿನಲ್ಲಿ ರೋಗವಿದ್ದರೆ ರಕ್ಷಣೆಯೂ ಇಲ್ಲ. ಇಲ್ಲಿ ಅವ್ಯಾಪ್ತಿ. ನೆಗಡಿಯಿಂದ ಸೀನುವ ಸೋದರಳಿಯನಿಗೆ ಅಡುಗೆಮನೆಯವರೆಗೂ ಪ್ರವೇಶವುಂಟು. ಆರೋಗ್ಯವಾಗಿರುವ ಕೆಲಸದವಳಿಗೆ ಹಿತ್ತಿಲ ಬಾಗಿಲೇ ಗತಿ. ಇಲ್ಲಿ ಅತಿವ್ಯಾಪ್ತಿ. ಮಡಿಯು ಯಾರನ್ನು ದೂರವಿಡಬೇಕೆಂಬುದನ್ನು ರೋಗವನ್ನು ನೋಡಿ ನಿರ್ಣಯಿಸಲಿಲ್ಲ, ಹುಟ್ಟನ್ನು ನೋಡಿ ನಿರ್ಣಯಿಸಿತು. ವೈರಾಣುವಿಗೆ ಗೋತ್ರಪ್ರವರಗಳ ವಿಚಾರವಿಲ್ಲ. ಮನುಷ್ಯರನ್ನು ಹೀನೈಸಿದ ಒಂದು ಪದ್ಧತಿಗೆ ವೈದ್ಯಶಾಸ್ತ್ರದ ಶಾಲನ್ನು ಹೊದಿಸಿ ಮೆರೆಯಿಸುವುದನ್ನು, ಅದೇ ಸಂಪ್ರದಾಯದಲ್ಲಿ ಬೆಳೆದ ನಾನು, ಸರ್ವಥಾ ಒಪ್ಪಲಾರೆನು.

ಹಾಗಾದರೆ ನಮ್ಮ ಹಿರಿಯರಿಗೆ ಏನೂ ತಿಳಿದಿರಲಿಲ್ಲವೆ ಎಂದರೆ, ನಾನು ಹಾಗೆನ್ನುವುದಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನವು ಒಬ್ಬರಿಂದೊಬ್ಬರಿಗೆ ತಗಲುವ ರೋಗಗಳನ್ನು ಹೇಳುವಲ್ಲಿ ಉಸಿರನ್ನೂ ಒಂದು ದಾರಿಯಾಗಿ ಎಣಿಸಿದೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದಗಳು ಹಾಳಾಗುವುದನ್ನು ಕುರಿತು ಒಂದು ಅಧ್ಯಾಯವೇ ಇದೆ. ಗಾಳಿ, ನೀರು, ನೆಲ, ಕಾಲ ಇವುಗಳ ಕೇಡನ್ನು ಅಲ್ಲಿ ಕಾರಣವೆಂದು ಹೇಳಿದೆ. ಅವರಿಗೆ ವೈರಾಣುವು ತಿಳಿದಿದ್ದಿತೆಂದು ನಾನು ಹೇಳಿದರೆ ಅದು ಗ್ರಂಥಕ್ಕೆ ಮಾಡುವ ಅಪಚಾರ. ಮಿಲಿಮೀಟರಿನ ಹತ್ತುಸಾವಿರದಲ್ಲಿ ಒಂದು ಭಾಗದಷ್ಟಿರುವ ವಸ್ತುವು ಬರಿಗಣ್ಣಿಗೆ ಗೋಚರವಾಗುವುದಲ್ಲ. ಆದರೆ ಅವರು ಕಂಡುದನ್ನು ಕಂಡಂತೆ ಬರೆದಿಟ್ಟರು. ಉಸಿರಿನ ಮಾತನ್ನು ಹೇಳಿದ ಗ್ರಂಥವು ಮನೆಯಲ್ಲಿರುವಾಗ, ಅದನ್ನು ಮುಚ್ಚಿಟ್ಟು, ಮುಟ್ಟುವ ಮಾತೊಂದನ್ನೇ ಹಿಡಿದುಕೊಳ್ಳುವುದು ಹಿರಿಯರಿಗೆ ಗೌರವ ತೋರಿಸುವ ಬಗೆಯೆ?

ಮುಟ್ಟದಿರುವ ಹುರುಪಿನಿಂದ ೨೦೨೦ರಲ್ಲಿ ಆದ ಅನರ್ಥವನ್ನೂ ಮಿತ್ರರು ಮರೆತಿರುವಂತೆ ಕಾಣುತ್ತದೆ. ದಾದಿಯರಿಗೆ ಬಾಡಿಗೆಯ ಮನೆಯನ್ನು ಬಿಡಿರೆಂದು ಹೇಳಿದವರುಂಟು. ಮನೆಮನೆಗೆ ಹೋಗಿ ರೋಗಿಗಳನ್ನು ವಿಚಾರಿಸುತ್ತಿದ್ದ ಆಶಾ ಕಾರ್ಯಕರ್ತೆಯರನ್ನು ಅಟ್ಟಿದವರುಂಟು. ಹೆಣವನ್ನು ಹೂಳಲು ಸ್ಥಳ ಕೊಡದವರುಂಟು. ವೈದ್ಯಸಿಬ್ಬಂದಿಯ ಮೇಲೆ ಕೈಮಾಡುವವರನ್ನು ದಂಡಿಸಲು ೧೮೯೭ನೆಯ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ೨೦೨೦ನೆಯ ಏಪ್ರಿಲ್ ತಿಂಗಳಲ್ಲಿ ಸುಗ್ರೀವಾಜ್ಞೆಯಿಂದ ತಿದ್ದಬೇಕಾಯಿತು. ಆಗ ‘ಸಾಮಾಜಿಕ ಅಂತರ’ ಎಂಬ ಶಬ್ದವು ಎಲ್ಲರ ಬಾಯಲ್ಲಿಯೂ ಇದ್ದಿತು. ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆದವನಾದ ನನಗೆ ಆ ಶಬ್ದವು ಅಂದೂ ಹಿಡಿಸಲಿಲ್ಲ, ಇಂದೂ ಹಿಡಿಸದು. ಸಮಾಜದಲ್ಲಿ ಅಂತರವು ನಮಗೆ ಹೊಸದೆ? ಬೇಕಾಗಿದ್ದುದು ದೇಹಕ್ಕೂ ದೇಹಕ್ಕೂ ಅಂತರ. ಮನಸ್ಸಿಗೆ ಮನಸ್ಸು ಹತ್ತಿರವೇ ಇರಬೇಕಾಗಿದ್ದಿತು. ರೋಗದಿಂದ ದೂರವಿರುವುದು ಬೇರೆ, ರೋಗಿಯನ್ನು ದೂರ ತಳ್ಳುವುದು ಬೇರೆ.

ಎರಡನೆಯ ಪಕ್ಷಕ್ಕೆ ಬರುತ್ತೇನೆ. ಮುಖಗವಸು ಹೇಡಿತನವೆಂಬ ಮಾತು ಹಳೆಯದು. ಅದಕ್ಕೆ ಕೊಟ್ಟ ಬೆಲೆಯೂ ಹಳೆಯದು. ೧೯೧೦-೧೧ರಲ್ಲಿ ಚೀನಾ ದೇಶದ ಮಂಚೂರಿಯಾ ಪ್ರಾಂತದಲ್ಲಿ ಶ್ವಾಸಕೋಶದ ಪ್ಲೇಗು ತಲೆದೋರಿ ಸುಮಾರು ೬೦,೦೦೦ ಮಂದಿಯನ್ನು ಬಲಿ ತೆಗೆದುಕೊಂಡಿತು. ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಓದಿದ್ದ ವೂ ಲಿಯೆನ್-ತೆ ಎಂಬ ತರುಣ ವೈದ್ಯನು, ಈ ರೋಗವು ಇಲಿಯಿಂದ ಮಾತ್ರವಲ್ಲ, ಮನುಷ್ಯನ ಉಸಿರಿನಿಂದಲೇ ಹರಡುತ್ತಿದೆಯೆಂದು ಕಂಡು, ಹತ್ತಿ ಮತ್ತು ಜಾಳಿಗೆ ಬಟ್ಟೆಯ ಪದರಗಳಿಂದ ಗವಸನ್ನು ಮಾಡಿಸಿ ಎಲ್ಲರೂ ಕಟ್ಟಿಕೊಳ್ಳಬೇಕೆಂದನು. ವಯಸ್ಸಿನಲ್ಲಿಯೂ ಹೆಸರಿನಲ್ಲಿಯೂ ಹಿರಿಯನಾಗಿದ್ದ ಮೆಸ್ನಿ ಎಂಬ ಫ್ರೆಂಚ್ ವೈದ್ಯನು ಆ ಕಿರಿಯನ ಮಾತನ್ನು ತಿರಸ್ಕರಿಸಿ, ಗವಸಿಲ್ಲದೆಯೇ ರೋಗಿಗಳನ್ನು ಪರೀಕ್ಷಿಸಲು ಹೋದನು. ಕೆಲವೇ ದಿನಗಳಲ್ಲಿ ಅದೇ ಪ್ಲೇಗಿನಿಂದ ಸತ್ತನು. ವಿದ್ಯೆಯಿಲ್ಲದೆ ಸತ್ತವನಲ್ಲ ಅವನು. ಕಿರಿಯನಿಂದ ಕಲಿಯಲಾರದೆ ಸತ್ತನು. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತು ಮಾತನಾಡಿದ ನಮ್ಮಂಥವರು ಈ ಕಥೆಯನ್ನು ಆಗಾಗ ನೆನೆಯತಕ್ಕದ್ದು.

ಗವಸು ವಜ್ರಕವಚವೆಂದು ನಾನು ಹೇಳುವುದಿಲ್ಲ. ಬಾಂಗ್ಲಾದೇಶದ ೬೦೦ ಗ್ರಾಮಗಳಲ್ಲಿ ಮೂರು ಲಕ್ಷಕ್ಕೂ ಮಿಕ್ಕ ಜನರನ್ನು ಒಳಗೊಂಡು ೨೦೨೦-೨೧ರಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಗವಸನ್ನು ಹಂಚಿ ತಿಳಿವಳಿಕೆ ಹೇಳಿದ ಹಳ್ಳಿಗಳಲ್ಲಿಯೂ ಅದನ್ನು ಸರಿಯಾಗಿ ಧರಿಸಿದವರು ನೂರಕ್ಕೆ ನಲವತ್ತೆರಡರಷ್ಟು ಮಾತ್ರ. ಹೀಗಿದ್ದರೂ ಶಸ್ತ್ರವೈದ್ಯರ ಗವಸನ್ನು ಹಂಚಿದ ಹಳ್ಳಿಗಳಲ್ಲಿ ಲಕ್ಷಣಸಹಿತವಾದ ರೋಗವು ನೂರಕ್ಕೆ ಸುಮಾರು ೧೧ರಷ್ಟು ಕಡಮೆಯಾಯಿತು. ಅರವತ್ತು ವಯಸ್ಸು ಮೀರಿದವರಲ್ಲಿ ಸುಮಾರು ೩೫ರಷ್ಟು ಕಡಮೆಯಾಯಿತು. ಬರಿಯ ಬಟ್ಟೆಯ ಗವಸಿನಿಂದ ಅಂಥ ಸ್ಪಷ್ಟವಾದ ಫಲವು ಕಾಣಲಿಲ್ಲ. ಆದುದರಿಂದ ಕುತ್ತಿಗೆಗೆ ಇಳಿಬಿಟ್ಟ ಕರವಸ್ತ್ರವು ಗವಸಲ್ಲ. ಮೂಗನ್ನು ಹೊರಗೆ ಬಿಟ್ಟದ್ದೂ ಗವಸಲ್ಲ. ಅತಿಸೂಕ್ಷ್ಮ ಕಣಗಳಲ್ಲಿ ನೂರಕ್ಕೆ ೯೫ನ್ನಾದರೂ ತಡೆಯುವ ‘ಎನ್ ೯೫’ ಎಂಬುದು, ಕೆನ್ನೆಗೂ ಗಲ್ಲಕ್ಕೂ ಸಂದಿಲ್ಲದಂತೆ ಕುಳಿತರೆ, ಎಲ್ಲಕ್ಕಿಂತ ಮೇಲು.

ಅದೂ ಅಲ್ಲದೆ ಗವಸಿನ ತತ್ತ್ವವು ಸ್ವಪ್ರಾಣರಕ್ಷಣೆಯೊಂದೇ ಅಲ್ಲ. ಜೈನರಲ್ಲಿ ಸ್ಥಾನಕವಾಸಿ ಸಾಧುಗಳು ಬಾಯಿಗೆ ಬಟ್ಟೆಯನ್ನು ಕಟ್ಟಿಕೊಳ್ಳುವರು. ತಮಗೆ ಅಪಾಯವುಂಟೆಂದಲ್ಲ, ತಮ್ಮ ಬಿಸಿಯುಸಿರಿನಿಂದ ಸೂಕ್ಷ್ಮಜೀವಿಗಳಿಗೆ ಹಿಂಸೆಯಾಗಬಾರದೆಂದು. ಪಾರ್ಸಿಗಳ ಪುರೋಹಿತರು ಅಗ್ನಿಯ ಮುಂದೆ ಬಾಯಿಗೆ ವಸ್ತ್ರವನ್ನು ಕಟ್ಟುವರು. ತಮ್ಮ ಉಸಿರಿನಿಂದ ಅಗ್ನಿಗೆ ಮೈಲಿಗೆಯಾಗಬಾರದೆಂದು. ಪಾಠಶಾಲೆಯಲ್ಲಿ ಗುರುಗಳ ಸಮೀಪಕ್ಕೆ ಹೋಗಿ ಸಂದೇಹ ಕೇಳುವಾಗ ಉತ್ತರೀಯದ ಅಂಚನ್ನು ಬಾಯಿಗೆ ಅಡ್ಡ ಹಿಡಿಯಬೇಕೆಂದು ನನಗೂ ಕಲಿಸಿದ್ದರು. ಇವರಾರನ್ನೂ ಲೋಕವು ಹೇಡಿಗಳೆಂದು ಕರೆಯಲಿಲ್ಲ. ನನ್ನ ಉಸಿರು ಪರರಿಗೆ ಬಾಧಕವಾಗಬಹುದೆಂಬ ಅರಿವು ವಿನಯವೇ ಹೊರತು ಭಯವಲ್ಲ.

ಇಲ್ಲಿ ಲಜ್ಜೆಯನ್ನು ಬದಿಗಿಟ್ಟು ನನ್ನದೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ೨೦೨೧ನೆಯ ಏಪ್ರಿಲ್ ಮೊದಲ ಭಾಗದಲ್ಲಿ ಬಂಧುಗಳ ಮನೆಯ ಉಪನಯನಕ್ಕೆ ಹೋಗಿದ್ದೆನು. ಛತ್ರದಲ್ಲಿ ತಂಪಾಗಿರಲೆಂದು ಯಂತ್ರವನ್ನು ಹಾಕಿ ಬಾಗಿಲು ಕಿಟಕಿಗಳನ್ನು ಮುಚ್ಚಿದ್ದರು. ನನಗೆ ಎರಡು ದಿನಗಳಿಂದ ಸಣ್ಣ ಕೆಮ್ಮು; ಬೇಸಗೆಯ ಧೂಳಿನದೆಂದು ತಳ್ಳಿಹಾಕಿದ್ದೆನು. ಆಶೀರ್ವಾದದ ಮಂತ್ರಗಳನ್ನು ಹೇಳುವಾಗ ಸ್ವರವು ಸ್ಫುಟವಾಗಿ ಕೇಳಿಸದೆಂದು ಗವಸನ್ನು ಕೆಳಗೆಳೆದೆನು. ನನ್ನ ಎಡಪಕ್ಕದಲ್ಲಿ, ಒಂದು ಮೊಳದ ಅಂತರದಲ್ಲಿ, ಪಾಠಶಾಲೆಯಲ್ಲಿ ನನಗಿಂತ ಮೇಲಿನ ತರಗತಿಯಲ್ಲಿದ್ದು ನನಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ್ದ ಹಿರಿಯರೊಬ್ಬರು ಕುಳಿತಿದ್ದರು. ಅರವತ್ತು ತುಂಬಿದವರಿಗೆ ಮಾರ್ಚ್ ೧ರಿಂದಲೇ ಲಸಿಕೆಯು ದೊರೆಯುತ್ತಿದ್ದಿತು. ಹಾಕಿಸಿಕೊಂಡರೆ ಜ್ವರ ಬಂದು ಶುಭಕಾರ್ಯವು ತಪ್ಪೀತೆಂದು ಅವರು ಮುಂದಕ್ಕೆ ಹಾಕಿದ್ದರು. ಮರುದಿನ ನನಗೆ ಜ್ವರ ಬಂದಿತು. ಐದನೆಯ ದಿನ ಅವರಿಗೆ ಬಂದಿತು. ನಾನು ಉಳಿದುಕೊಂಡೆನು. ಅವರು ಮೇ ತಿಂಗಳಲ್ಲಿ, ಮೂಗಿಗೆ ಆಮ್ಲಜನಕದ ನಳಿಗೆಯನ್ನಿಟ್ಟಿದ್ದಂತೆಯೇ ತೀರಿಕೊಂಡರು. ಅಂತ್ಯದರ್ಶನಕ್ಕೂ ನಾನು ಹೋಗುವಂತಿರಲಿಲ್ಲ.

ಅವರಿಗೆ ರೋಗವು ನನ್ನಿಂದಲೇ ತಗಲಿತೆಂಬುದಕ್ಕೆ ಪ್ರಮಾಣವಿಲ್ಲ. ನನ್ನಿಂದಲ್ಲವೆಂಬುದಕ್ಕೂ ಪ್ರಮಾಣವಿಲ್ಲ. ಈ ಸಂಶಯವನ್ನು ಹೊತ್ತುಕೊಂಡು ನಾನು ಇಷ್ಟು ವರ್ಷ ಬದುಕಿದ್ದೇನೆ. ‘ಅವರ ಆಯುಸ್ಸು ಅಷ್ಟೇ’ ಎಂದು ಮಿತ್ರರು ನನ್ನನ್ನು ಸಂತೈಸಬಹುದು. ಆ ಸಾಂತ್ವನವು ನನಗೆ ಬೇಡ. ಹಣೆಬರಹವೆಂಬ ಮಾತನ್ನು ತನ್ನ ಕಷ್ಟಕ್ಕೆ ಹೇಳಿಕೊಂಡರೆ ಅದು ಧೈರ್ಯ. ಪರರಿಗೆ ತಾನು ಮಾಡಿದ ಕೇಡಿಗೆ ಹೇಳಿದರೆ ಅದು ಅಧರ್ಮ. ಮಿತ್ರರೂ ಮಳೆ ಬಂದರೆ ಕೊಡೆ ಹಿಡಿಯುವರು, ಕತ್ತಲೆಯಲ್ಲಿ ಹಾವಿನ ಭಯಕ್ಕೆ ದೀಪ ಹಿಡಿಯುವರು. ಅಲ್ಲಿ ಅಡ್ಡ ಬಾರದ ವಿಧಿಯು ಗವಸಿನ ವಿಷಯದಲ್ಲಿ ಮಾತ್ರ ಅಡ್ಡ ಬರುವುದೇಕೆ?

ಮೂರನೆಯ ಪಕ್ಷ: ಕಾಲವು ಕಳೆಯಿತೆಂಬುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ನೆಯ ಮೇ ೫ರಂದು ತುರ್ತುಸ್ಥಿತಿಯು ಮುಗಿಯಿತೆಂದು ಸಾರಿದ್ದು ನಿಜ. ರೋಗವೇ ಮುಗಿಯಿತೆಂದು ಅದು ಹೇಳಲಿಲ್ಲ. ಭಾರತದಲ್ಲಿ ಈ ರೋಗದಿಂದಾದ ಮೊದಲನೆಯ ಮರಣವು ೨೦೨೦ನೆಯ ಮಾರ್ಚ್ ತಿಂಗಳಲ್ಲಿ ನಮ್ಮ ಕಲಬುರಗಿಯಲ್ಲಿ ವರದಿಯಾಯಿತು. ಅಲ್ಲಿಂದ ಮುಂದೆ ಸರಕಾರದ ಲೆಕ್ಕದಂತೆಯೇ ದೇಶದಲ್ಲಿ ೫,೩೦,೦೦೦ಕ್ಕೂ, ಕರ್ನಾಟಕದಲ್ಲಿ ೪೦,೦೦೦ಕ್ಕೂ ಹೆಚ್ಚು ಮಂದಿ ಹೋದರು. ಹಿಂದೆ ನೋಡಿದರೆ ೧೯೧೮ರ ಇನ್‌ಫ್ಲುಯೆಂಜಾದಲ್ಲಿ ಈ ದೇಶವು ಕೋಟಿಗೂ ಮಿಕ್ಕ ಜನರನ್ನು ಕಳೆದುಕೊಂಡಿತು. ೧೯೧೧ರಿಂದ ೧೯೨೧ರವರೆಗಿನ ಹತ್ತು ವರ್ಷಗಳಲ್ಲಿ ಭಾರತದ ಜನಸಂಖ್ಯೆಯು ಹೆಚ್ಚುವುದರ ಬದಲಾಗಿ ತಗ್ಗಿತು. ಅನಂತರ ೧೯೫೭ರಲ್ಲಿ, ೧೯೬೮ರಲ್ಲಿ, ೨೦೦೯ರಲ್ಲಿ ಹೊಸ ಹೊಸ ಇನ್‌ಫ್ಲುಯೆಂಜಾಗಳು ಲೋಕವನ್ನು ಸುತ್ತಿದವು. ಇದು ಮತ್ತೆ ಮತ್ತೆ ಬರುವ ಅತಿಥಿ. ತಿಥಿಯನ್ನು ಮಾತ್ರ ಹೇಳಿ ಬರುವುದಿಲ್ಲ. ಬಾವಿಯನ್ನು ತೋಡತಕ್ಕದ್ದು ಮನೆಗೆ ಬೆಂಕಿ ಬಿದ್ದಮೇಲಲ್ಲವಷ್ಟೆ?

ಬರಿಯ ಖಂಡನೆಯಿಂದ ಪ್ರಯೋಜನವಿಲ್ಲ. ಆದುದರಿಂದ ನಮ್ಮ ಸಂಘದ ಕಾರ್ಯಕಾರಿ ಮಂಡಲಿಯವರಲ್ಲಿ ಕೆಲವು ವಿಜ್ಞಾಪನೆಗಳನ್ನು ಮಾಡಿಕೊಳ್ಳುತ್ತೇನೆ. ನಮ್ಮ ಸಭಾಭವನಕ್ಕೆ ಎಂಟು ಕಿಟಕಿಗಳಿವೆ. ಐದಕ್ಕೆ ಪುಸ್ತಕದ ಬೀರುಗಳು ಅಡ್ಡವಾಗಿವೆ. ಉಳಿದ ಮೂರನ್ನು ಇರಚಲು ಹೊಡೆಯುವುದೆಂದು ಜ್ಯೇಷ್ಠದಿಂದ ಭಾದ್ರಪದದವರೆಗೂ ತೆರೆಯುವುದಿಲ್ಲ. ಬೀರುಗಳನ್ನು ಒಳಗೋಡೆಯ ಕಡೆಗೆ ಸರಿಸಿ, ಕಿಟಕಿಗಳ ಮೇಲೆ ಸಜ್ಜವನ್ನು ಕಟ್ಟಿಸಿದರೆ ಮಳೆಯಲ್ಲಿಯೂ ತೆರೆದಿಡಬಹುದು. ತಲೆಯ ಮೇಲೆ ತಿರುಗುವ ಪಂಖವು ಒಳಗಿನ ಗಾಳಿಯನ್ನೇ ಕಲಕುವುದು. ಹಿಂಗೋಡೆಯಲ್ಲಿ ಗಾಳಿಯನ್ನು ಹೊರಕ್ಕೆ ನೂಕುವ ಪಂಖವೊಂದನ್ನು ಕೂಡಿಸಬೇಕು. ಜ್ವರ, ನೆಗಡಿ, ಕೆಮ್ಮು ಇದ್ದವರು, ಅಧ್ಯಕ್ಷರಾದರೂ ಸರಿ, ಉಪನ್ಯಾಸಕರಾದರೂ ಸರಿ, ಸಭೆಗೆ ಬಾರದಿರುವುದನ್ನು ಅಗೌರವವೆಂದು ಎಣಿಸದೆ ಉಪಕಾರವೆಂದು ಎಣಿಸಬೇಕು. ರೋಗವು ಸುತ್ತಮುತ್ತ ಹರಡಿರುವ ಕಾಲದಲ್ಲಿ ಒಳ್ಳೆಯ ಗವಸುಗಳ ಒಂದು ಪೆಟ್ಟಿಗೆಯನ್ನು ಬಾಗಿಲಲ್ಲಿ, ಈಗ ಪನ್ನೀರುದಾನಿಯನ್ನು ಇಡುವ ಮೇಜಿನ ಮೇಲೆಯೇ ಇಡಬೇಕು. ವಯಸ್ಸಾದವರೂ, ಮಧುಮೇಹ, ಹೃದ್ರೋಗ, ಉಬ್ಬಸಗಳುಳ್ಳವರೂ ವೈದ್ಯರನ್ನು ಕೇಳಿ ತಮಗೆ ತಕ್ಕ ಲಸಿಕೆಯನ್ನು ಮುಂದೂಡದೆ ಹಾಕಿಸಿಕೊಳ್ಳಬೇಕು. ಲಸಿಕೆಯು ರೋಗವು ತಗಲದಂತೆ ಯಾವಾಗಲೂ ತಡೆಯದಿದ್ದರೂ, ರೋಗವು ಪ್ರಾಣದವರೆಗೆ ಹೋಗದಂತೆ ಬಹುಮಟ್ಟಿಗೆ ತಡೆಯುತ್ತದೆ. ಕಟ್ಟಕಡೆಗೆ, ಸದಸ್ಯರಲ್ಲಿ ಯಾರಾದರೂ ಮಲಗಿದರೆ ಅವರ ಬಾಗಿಲಿಗೆ ಗಂಜಿಯನ್ನೂ ಔಷಧವನ್ನೂ ಮುಟ್ಟಿಸುವ ಸರದಿಯೊಂದನ್ನು ಈಗಲೇ ಬರೆದಿಡಬೇಕು. ಆ ಸರದಿಯಲ್ಲಿ ನನ್ನ ಹೆಸರನ್ನು ಮೊದಲು ಹಾಕಬಹುದು.

ಸ್ನಾನದಿಂದ ದೇಹಕ್ಕೆ ಶೌಚವೆಂದೂ ಸತ್ಯದಿಂದ ಮಾತಿಗೆ ಶೌಚವೆಂದೂ ಬಾಲ್ಯದಲ್ಲಿ ಕಲಿತೆವು. ಉಸಿರಿಗೂ ಒಂದು ಶೌಚವುಂಟೆಂಬುದನ್ನು ನಾನು ವೃದ್ಧಾಪ್ಯದಲ್ಲಿ, ಹಿರಿಯರೊಬ್ಬರನ್ನು ಕಳೆದುಕೊಂಡು, ಕಲಿತಿರುತ್ತೇನೆ. ಇತರರು ಅಷ್ಟು ಬೆಲೆಯನ್ನು ತೆರದೆ ಕಲಿಯಲೆಂಬುದೇ ಈ ಲೇಖನದ ಉದ್ದೇಶ. ನನ್ನ ಮಾತಿನಲ್ಲಿ ತಪ್ಪಿದ್ದರೆ ಮಿತ್ರರು ಮುಂದಿನ ತಿಂಗಳ ಸಭೆಯಲ್ಲಿಯೇ ಖಂಡಿಸಲಿ. ಆ ಕಿಟಕಿಗಳನ್ನು ತೆರೆಸಿ, ಅವರ ಎದುರಿಗೆ ಕುಳಿತು ಸಂತೋಷದಿಂದ ಕೇಳುವೆನು.